ಸರಕು ಅರವತ್ತು ಸಾವಿರ, ಕಸುಬು ಐವತ್ತು

ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರು, ರಾತ್ರಿ ಹೆದ್ದಾರಿಯಲ್ಲಿ ವಾಹನದ ದೀಪ ಬಿದ್ದೊಡನೆ ಝಗ್ಗನೆ ಬೆಳಗುವ ಊರಿನ ನಾಮಫಲಕ, ಕೋವಿಡ್ ಕಾಲದಲ್ಲಿ ದುಡ್ಡು ಕೊಟ್ಟರೂ ಸಿಗದಿದ್ದ ಎನ್-95 ಮಾಸ್ಕ್, ಆಫೀಸಿನ ಮೇಜಿನ ಮೇಲಿನ ಹಳದಿ ಅಂಟುಚೀಟಿ, ಗ್ಯಾರೇಜಿನಲ್ಲಿ ಬಣ್ಣ ಹೊಡೆಯುವ ಮುನ್ನ ಕಾರಿನ ಮೈಯನ್ನು ನೀರು ಹಾಕಿ ಉಜ್ಜುವ ವಾಟರ್ ಪೇಪರ್. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದ್ದಂತೆ ಕಾಣುವುದಿಲ್ಲ. ಕೊಳ್ಳುವವರು ಬೇರೆ, ಮಾರುವ ಅಂಗಡಿ ಬೇರೆ. ಆದರೂ ಇವೆಲ್ಲವನ್ನೂ ಅಮೆರಿಕದ ತ್ರೀಎಂ ಕಂಪನಿ ಮಾಡುತ್ತದೆ. ಇವುಗಳಲ್ಲಿ ಹಲವನ್ನು ಜಗತ್ತಿಗೆ ಮೊದಲು ತೋರಿಸಿದ್ದೂ ಅದೇ. ತನ್ನ ಬಳಿ ಸುಮಾರು 60,000 ಬಗೆಯ ಸರಕುಗಳಿವೆ ಎಂದು ಆ ಕಂಪನಿ ಬಹುಕಾಲದಿಂದ ಹೇಳಿಕೊಂಡು ಬಂದಿದೆ.

ಹಲವು ಉದ್ಯಮಗಳಲ್ಲಿ ಕೈಯಿಟ್ಟ ಮನೆತನಗಳು ನಮಗೆ ಹೊಸವಲ್ಲ. ಉಪ್ಪಿನಿಂದ ಉಕ್ಕಿನವರೆಗೆ ವ್ಯವಹರಿಸುವ ಟಾಟಾ ಸಮೂಹವನ್ನು ನೋಡಿಯೇ ನಾವು ಬೆಳೆದಿದ್ದೇವೆ. ಆದರೆ ಅಲ್ಲಿ ಉಪ್ಪಿನ ಕಂಪನಿ ಬೇರೆ, ಉಕ್ಕಿನ ಕಂಪನಿ ಬೇರೆ. ಅವಕ್ಕೆ ಬೇರೆ ಬೇರೆ ಆಡಳಿತ ಮಂಡಳಿ, ಬೇರೆ ಲೆಕ್ಕಪತ್ರ. ಅವನ್ನು ಹಿಡಿದಿಟ್ಟಿರುವುದು ಒಡೆತನ ಮತ್ತು ಹೆಸರು. ತ್ರೀಎಂ ಹಾಗಲ್ಲ. ಅದು ಒಂದೇ ಕಂಪನಿ, ಅದರ ಲೆಕ್ಕಪತ್ರವೂ ಒಂದೇ. ಅದರ ಸರಕುಗಳನ್ನು ಒಟ್ಟಿಗೆ ಕಟ್ಟಿರುವುದು ಹಣವಲ್ಲ, ಕಸುಬು. ಅಂಟು, ಲೇಪನ, ನೇಯದ ಬಟ್ಟೆ, ಉಜ್ಜುವ ಹರಳು, ಬೆಳಕನ್ನು ಬಾಗಿಸುವ ಹಾಳೆ ಎಂದು ಸುಮಾರು ಐವತ್ತು ಮೂಲ ತಂತ್ರಗಳನ್ನು ಕಂಪನಿ ಪಟ್ಟಿ ಮಾಡಿಟ್ಟುಕೊಂಡಿದೆ. ಆ 60,000 ಸರಕುಗಳೂ ಈ ಐವತ್ತರಲ್ಲಿ ಎರಡನ್ನೋ ಮೂರನ್ನೋ ಬೆರೆಸಿದಾಗ ಹುಟ್ಟಿದವು. ಇಂಥ ಕಂಪನಿ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಲು ಸರಕಿನ ಪಟ್ಟಿ ಓದಿದರೆ ಸಾಲದು. ಕಸುಬು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬುದನ್ನು ಹಿಂಬಾಲಿಸಬೇಕು. ಅದರ ಏಳಿಗೆಯ ಕಾರಣ ಅಲ್ಲಿದೆ. ಈಚಿನ ವರ್ಷಗಳಲ್ಲಿ ಅದರ ಕುತ್ತಿಗೆಗೆ ಬಂದ ಕಂಟಕದ ಕಾರಣವೂ ಅಲ್ಲೇ ಇದೆ ಎಂಬುದು ನನ್ನ ವಾದ.

ಶುರುವಾದದ್ದು ಗಣಿಯಿಂದ. 1902ರಲ್ಲಿ ಮಿನ್ನೆಸೋಟ ರಾಜ್ಯದ ಟೂ ಹಾರ್ಬರ್ಸ್ ಎಂಬ ಸರೋವರದ ದಂಡೆಯ ಊರಿನಲ್ಲಿ ಐದು ಮಂದಿ ಸೇರಿ ಮಿನ್ನೆಸೋಟ ಮೈನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಕಟ್ಟಿದರು. ಒಬ್ಬ ವೈದ್ಯ, ಒಬ್ಬ ವಕೀಲ, ಇಬ್ಬರು ರೈಲ್ವೆಯವರು, ಒಬ್ಬ ಮಾಂಸದಂಗಡಿಯವ. ವಜ್ರವನ್ನು ಬಿಟ್ಟರೆ ಬಹಳ ಗಟ್ಟಿಯಾದ ಕುರುಂದದ ಕಲ್ಲು ತಮ್ಮ ಜಾಗದಲ್ಲಿ ಸಿಕ್ಕಿದೆ, ಅದನ್ನು ಸಾಣೆಕಲ್ಲು ಮಾಡುವವರಿಗೆ ಮಾರೋಣ ಎಂಬುದು ಅವರ ಲೆಕ್ಕ. ಅಗೆದು ತೆಗೆದದ್ದು ಕುರುಂದವಾಗಿರಲಿಲ್ಲ, ಉಜ್ಜುವ ಕೆಲಸಕ್ಕೆ ಬಾರದ ಮೆದು ಕಲ್ಲಾಗಿತ್ತು. ಗಣಿ ಕೈಕೊಟ್ಟ ಮೇಲೆ ಬೇರೆ ಕಡೆಯಿಂದ ಹರಳು ತರಿಸಿ ಉಪ್ಪುಕಾಗದ ಮಾಡಲು ಹೊರಟರು. ಹಾಕಿದ ಬಂಡವಾಳ ಕರಗುತ್ತ ಹೋಯಿತು. ಸೇಂಟ್ ಪಾಲ್ ನಗರದ ಲೂಷಿಯಸ್ ಆರ್ಡ್‌ವೇ ಎಂಬ ವ್ಯಾಪಾರಿ ಹಣ ತಂದು ಸುರಿಯದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. 1910ರಲ್ಲಿ ಕಾರ್ಖಾನೆ ಅವರ ಊರಿಗೇ ಬಂತು. ಷೇರುದಾರರು ಮೊದಲ ಲಾಭಾಂಶ ಕಂಡದ್ದು 1916ರಲ್ಲಿ, ಷೇರಿಗೆ ಆರು ಸೆಂಟ್.

ಅದಕ್ಕೆ ಎರಡು ವರ್ಷ ಮೊದಲು ನಡೆದ ಒಂದು ಪ್ರಸಂಗ ಈ ಕಂಪನಿಯ ಗುಣವನ್ನು ರೂಪಿಸಿತು ಎಂದು ನನಗನ್ನಿಸುತ್ತದೆ. ಬಡಗಿಗಳಿಂದ, ಕಾರ್ಖಾನೆಗಳಿಂದ ದೂರುಗಳು ಬರತೊಡಗಿದವು: ಕಾಗದದ ಮೇಲಿನ ಹರಳು ಉಜ್ಜಿದರೆ ಉದುರಿಹೋಗುತ್ತಿದೆ. ಅಂಟು ಕೆಟ್ಟಿದೆಯೇ ಎಂದು ನೋಡಿದರು, ಕೆಟ್ಟಿರಲಿಲ್ಲ. ಯಾರೋ ಆ ಹರಳನ್ನು ನೀರಿಗೆ ಹಾಕಿದಾಗ ಮೇಲೆ ಎಣ್ಣೆ ತೇಲಿತು. ಸ್ಪೇನಿನಿಂದ ಬಂದ ಗಾರ್ನೆಟ್ ಹರಳು ಹಡಗಿನಲ್ಲಿ ಆಲಿವ್ ಎಣ್ಣೆಯ ಪೀಪಾಯಿಗಳ ಪಕ್ಕದಲ್ಲಿತ್ತು. ದಾರಿಯಲ್ಲಿ ಎಣ್ಣೆ ಸೋರಿ ಮೂಟೆಗಳು ನೆನೆದಿದ್ದವು. ಆ ಟನ್ನುಗಟ್ಟಲೆ ಹರಳನ್ನು ಎಸೆಯುವ ಶಕ್ತಿ ಕಂಪನಿಗಿರಲಿಲ್ಲ. ಹುರಿದು ಎಣ್ಣೆ ಇಳಿಸಿ ಬಳಸಿದರು. 1907ರಲ್ಲಿ ಲೆಕ್ಕ ಬರೆಯುವ ಸಹಾಯಕನಾಗಿ ಸೇರಿ ಅಷ್ಟರಲ್ಲಿ ಮ್ಯಾನೇಜರ್ ಆಗಿದ್ದ ವಿಲಿಯಂ ಮೆಕ್‌ನೈಟ್ ಇದರಿಂದ ಪಾಠ ಕಲಿತರು. ಒಳಬರುವ ಸರಕನ್ನು ಪರೀಕ್ಷಿಸದೆ ಹೊರಹೋಗುವ ಸರಕಿಗೆ ಜವಾಬು ಹೇಳಲಾಗದು. 1916ರಲ್ಲಿ ಒಂದು ಚಿಕ್ಕ ಪ್ರಯೋಗಾಲಯ ತೆರೆದರು. ಮುಂದೆ ಕಂಪನಿ ಏನೇನಾಯಿತೋ ಅದೆಲ್ಲ ಆ ಕೋಣೆಯಿಂದ ಹೊರಟದ್ದು.

ಉಪ್ಪುಕಾಗದ ಎಂದರೇನು? ಒಂದು ಹಾಳೆ, ಅದರ ಮೇಲೆ ಅಂಟು, ಅಂಟಿನ ಮೇಲೆ ಸಮನಾಗಿ ಹರಡಿದ ಹರಳು. ಉದ್ದನೆಯ ಹಾಳೆಯನ್ನು ಒಂದು ಉರುಳೆಯಿಂದ ಬಿಚ್ಚಿ, ಓಡುತ್ತಿರುವಾಗಲೇ ಅದರ ಮೇಲೆ ತೆಳುವಾಗಿ ಏನನ್ನಾದರೂ ಬಳಿದು, ಒಣಗಿಸಿ, ಇನ್ನೊಂದು ಉರುಳೆಗೆ ಸುತ್ತುವುದು. ಕೇಳಲು ಸುಲಭ. ಆದರೆ ಕಿಲೋಮೀಟರುಗಟ್ಟಲೆ ಉದ್ದಕ್ಕೂ ಎಲ್ಲಿಯೂ ದಪ್ಪ ಹೆಚ್ಚುಕಡಿಮೆಯಾಗದಂತೆ, ಗುಳ್ಳೆ ಬಾರದಂತೆ, ಅಂಚು ಸುರುಟದಂತೆ ಬಳಿಯುವುದು ವರ್ಷಗಳ ಪಳಗಿಕೆಯ ಕೆಲಸ. ಒಮ್ಮೆ ಇದು ಕೈಗೆ ಬಂದರೆ, ಬಳಿಯುವ ವಸ್ತುವನ್ನು ಬದಲಿಸಿದಷ್ಟೂ ಹೊಸ ವ್ಯಾಪಾರ ತೆರೆದುಕೊಳ್ಳುತ್ತದೆ.

1921ರಲ್ಲಿ ನೀರಿನಲ್ಲೂ ಬಳಸಬಹುದಾದ ಉಪ್ಪುಕಾಗದ ಬಂತು. ಇವತ್ತಿನ ವಾಟರ್ ಪೇಪರಿನ ಹಿರಿಯಜ್ಜ ಅದು. ಅದನ್ನು ಪರೀಕ್ಷಿಸಲು ಕಾರಿಗೆ ಬಣ್ಣ ಹೊಡೆಯುವ ಅಂಗಡಿಗಳಿಗೆ ಹೋಗುತ್ತಿದ್ದ ರಿಚರ್ಡ್ ಡ್ರೂ ಎಂಬ ಪ್ರಯೋಗಾಲಯದ ಹುಡುಗ ಅಲ್ಲಿ ಬೇರೊಂದು ಸಂಕಟ ಕಂಡ. ಆಗ ಒಂದೇ ಕಾರಿಗೆ ಎರಡು ಬಣ್ಣ ಹೊಡೆಸುವ ಶೋಕಿ. ಒಂದು ಬಣ್ಣದ ಭಾಗವನ್ನು ಮುಚ್ಚಲು ಅಂಟಿಸಿದ ಕಾಗದ ಕೀಳುವಾಗ ಹಸಿ ಬಣ್ಣವೂ ಕಿತ್ತು ಬರುತ್ತಿತ್ತು, ಪೇಂಟರುಗಳು ಬಯ್ದಾಡುತ್ತಿದ್ದರು. ಡ್ರೂ ತಾನು ಇದಕ್ಕೊಂದು ಟೇಪು ಮಾಡಿಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟ. ಆ ಕೆಲಸ ಬಿಡು, ನಿನ್ನ ಉಪ್ಪುಕಾಗದ ನೋಡು ಎಂದು ಮೆಕ್‌ನೈಟ್ ಹೇಳಿದರೂ ಬಿಡಲಿಲ್ಲ. ಬೇಕಾದ ಯಂತ್ರದ ಖರೀದಿಗೆ ಒಪ್ಪಿಗೆ ಸಿಗದಿದ್ದಾಗ, ತನ್ನ ಸಹಿಯಲ್ಲೇ ಮಂಜೂರು ಮಾಡಬಹುದಾದ ನೂರು ಡಾಲರ್ ಮಿತಿಯೊಳಗಿನ ಚೀಟಿಗಳನ್ನು ಒಂದರ ಹಿಂದೊಂದು ಬರೆದು ಅದನ್ನು ತರಿಸಿಕೊಂಡನಂತೆ. 1925ರಲ್ಲಿ ಮಾಸ್ಕಿಂಗ್ ಟೇಪ್ ಬಂತು, 1930ರಲ್ಲಿ ಪಾರದರ್ಶಕ ಸೆಲೋಫೇನ್ ಟೇಪ್. ಅಮೆರಿಕ ಆರ್ಥಿಕ ಮುಗ್ಗಟ್ಟಿನಲ್ಲಿದ್ದ ಕಾಲ ಅದು. ಹರಿದ ಪುಸ್ತಕ, ಒಡೆದ ಆಟಿಕೆ, ಬಿರುಕು ಬಿಟ್ಟ ಕಿಟಕಿ ಎಲ್ಲವನ್ನೂ ಜನ ಅಂಟಿಸಿಕೊಂಡು ಬಾಳಿದರು, ಕಂಪನಿ ಬೆಳೆಯಿತು.

ಆಮೇಲಿನದು ಒಂದು ದೊಡ್ಡ ವಂಶವೃಕ್ಷ. ಹಾಳೆಯ ಮೇಲೆ ಹರಳಿನ ಬದಲು ಸಾಸಿವೆಗಿಂತ ಸಣ್ಣ ಗಾಜಿನ ಮಣಿ ಹರಡಿದರು. ಪ್ರತಿ ಮಣಿಯೂ ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುತ್ತದೆ. 1939ರಲ್ಲಿ ರಸ್ತೆಫಲಕಕ್ಕೆ ಅದು ಅಂಟಿತು. ಗಾಜಿನ ಬದಲು ಕಬ್ಬಿಣದ ಆಕ್ಸೈಡಿನ ಪುಡಿ ಬಳಿದರು. 1947ರ ಹೊತ್ತಿಗೆ ಧ್ವನಿ ಮುದ್ರಿಸುವ ಕಾಂತೀಯ ಟೇಪು ಮಾರುಕಟ್ಟೆಗೆ ಬಂತು. ಇನ್ನೊಂದು ಕೊಂಬೆ ನೇಯದ ಬಟ್ಟೆಯದು. ಎಳೆಗಳನ್ನು ಮಗ್ಗಕ್ಕೆ ಹಾಕದೆ ಸಿಕ್ಕುಸಿಕ್ಕಾಗಿ ಹರಡಿ ಕೂಡಿಸುವ ಈ ವಿದ್ಯೆಯಿಂದ ಮೊದಲು ಉಡುಗೊರೆ ಕಟ್ಟುವ ರಿಬ್ಬನ್ನು ಮಾಡುತ್ತಿದ್ದರು. ಅದೇ ಎಳೆಗೆ ರಾಳ ಮತ್ತು ಉಜ್ಜುವ ಹರಳು ಸೇರಿಸಿದಾಗ ಸ್ಕಾಚ್ ಬ್ರೈಟ್ ಆಯಿತು. ಅದನ್ನೇ ಕೂದಲಿಗಿಂತ ತೆಳುವಾದ ಎಳೆಯಾಗಿಸಿ, ಬಟ್ಟಲಿನ ಆಕಾರಕ್ಕೆ ಒತ್ತಿದಾಗ ಉಸಿರು ಸೋಸುವ ಮಾಸ್ಕ್. 1972ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆ ಒಪ್ಪಿಗೆ ಕೊಟ್ಟ ಮೊದಲ ಬಳಸಿ ಬಿಸಾಡುವ ಮಾಸ್ಕ್ ಇವರದೇ. ಗಣಿ, ಸಿಮೆಂಟು, ಹತ್ತಿ ಗಿರಣಿಯ ಧೂಳಿನಲ್ಲಿ ದುಡಿಯುವವರಿಗೆಂದು ಮಾಡಿದ್ದು. ಆಸ್ಪತ್ರೆಗೆ ಬಂದದ್ದು ಬಹಳ ತಡವಾಗಿ.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾಗುವುದು ಬೆಳಕಿನ ಹಾಳೆಯ ಕಥೆ. 1960ರ ದಶಕದಲ್ಲಿ ತರಗತಿಗಳ ಓವರ್‌ಹೆಡ್ ಪ್ರೊಜೆಕ್ಟರಿಗೆ ದಪ್ಪ ಗಾಜಿನ ಮಸೂರದ ಬದಲು ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಸೂಕ್ಷ್ಮವಾದ ವೃತ್ತಾಕಾರದ ಗೀರುಗಳನ್ನು ಅಚ್ಚೊತ್ತಿ ಕೂಡಿಸಿದರು. ರೋಜರ್ ಆಪಲ್ಡಾರ್ನ್ ಮತ್ತು ಸಂಗಡಿಗರು ಆ ಗೀರು ಹಾಕುವ ವಿದ್ಯೆಯನ್ನು ಹಿಡಿದುಕೊಂಡು ಇನ್ನೆಲ್ಲಿ ಬಳಸಬಹುದು ಎಂದು ಹುಡುಕುತ್ತಲೇ ಹೋದರು. ಪ್ರೊಜೆಕ್ಟರು ಮೂಲೆ ಸೇರಿತು, ವಿದ್ಯೆ ಸೇರಲಿಲ್ಲ. ಪುಟ್ಟ ಪುಟ್ಟ ಪಟ್ಟಕಗಳನ್ನು ಅಚ್ಚೊತ್ತಿದ ಹಾಳೆ ರಸ್ತೆಫಲಕದಲ್ಲಿ ಗಾಜಿನ ಮಣಿಗಿಂತ ಪ್ರಖರವಾಗಿ ಬೆಳಗಿತು. ನಮ್ಮ ರಾಷ್ಟ್ರೀಯ ಹೆದ್ದಾರಿಗಳ ಫಲಕಗಳಿಗೆ ಭಾರತೀಯ ರಸ್ತೆ ಕಾಂಗ್ರೆಸ್ ರೂಪಿಸಿದ ಸಂಹಿತೆಯಲ್ಲೂ ಈ ಪಟ್ಟಕದ ಹಾಳೆಗೆ ಜಾಗವಿದೆ. ಲ್ಯಾಪ್‌ಟಾಪಿನ, ಮೊಬೈಲಿನ ಪರದೆಯ ಹಿಂದೆ ಕೂತ ಇಂಥದೇ ಹಾಳೆ, ಅಕ್ಕಪಕ್ಕಕ್ಕೆ ಚೆಲ್ಲಿಹೋಗುವ ಬೆಳಕನ್ನು ನೋಡುವವರ ಕಣ್ಣಿನತ್ತ ತಿರುಗಿಸಿ ಬ್ಯಾಟರಿ ಉಳಿಸಿತು. ಕೊನೆಗೆ ಅದು ಮೂಲ ಕಸುಬಿಗೇ ಮರಳಿತು: ಹರಳನ್ನು ಚೆಲ್ಲಾಪಿಲ್ಲಿ ಹರಡದೆ ಒಂದೇ ಅಳತೆಯ ಸಣ್ಣ ಪಿರಮಿಡ್ಡುಗಳಾಗಿ ಅಚ್ಚೊತ್ತಿದ ಉಪ್ಪುಕಾಗದ ಬಂತು. ಅದು ಸವೆದಂತೆಲ್ಲ ಹೊಸ ಹರಳು ಮೇಲೆ ಬರುತ್ತದೆ, ಉಜ್ಜುವ ಹದ ಕೊನೆಯವರೆಗೂ ಒಂದೇ ಇರುತ್ತದೆ.

ಈ ದಾಟುವಿಕೆ ತಾನಾಗಿ ನಡೆಯುವುದಿಲ್ಲ. ದೊಡ್ಡ ಕಂಪನಿಯಲ್ಲಿ ಪ್ರತಿ ವಿಭಾಗವೂ ತನ್ನ ಬೇಲಿಯೊಳಗೆ ಕೂರುವುದೇ ಸಹಜ. ತ್ರೀಎಂ ಆ ಬೇಲಿಗೆ ಹಲವು ಕಡೆ ಗೇಟು ಇಟ್ಟಿತು. ವಿಜ್ಞಾನಿಗಳು ತಮ್ಮ ಕೆಲಸದ ವೇಳೆಯ ಶೇ 15ರಷ್ಟನ್ನು ಯಾರ ಅಪ್ಪಣೆಯೂ ಇಲ್ಲದೆ ತಮಗೆ ತೋಚಿದ ಕೆಲಸಕ್ಕೆ ಬಳಸಬಹುದು ಎಂಬ ಪದ್ಧತಿ 1948ರಿಂದ ಇದೆ. 1951ರಲ್ಲಿ ಎಲ್ಲ ಪ್ರಯೋಗಾಲಯದವರೂ ಸೇರಿ ಮಾತಾಡುವ ತಾಂತ್ರಿಕ ವೇದಿಕೆ ಹುಟ್ಟಿತು. ಒಂದು ವಿಭಾಗದ ಹಣದಲ್ಲಿ ಕಂಡುಹಿಡಿದ ತಂತ್ರ ಆ ವಿಭಾಗದ ಆಸ್ತಿಯಲ್ಲ, ಕೇಳಿದ ಯಾರಿಗೂ ಕೊಡಬೇಕು. ಮ್ಯಾನೇಜರ್ ಆಗದೆ, ಬರೀ ಪ್ರಯೋಗ ಮಾಡುತ್ತಲೇ ಉನ್ನತ ಸಂಬಳ, ಸ್ಥಾನಕ್ಕೆ ಏರುವ ಇನ್ನೊಂದು ಏಣಿಯನ್ನೂ ಇಟ್ಟರು. ಇಷ್ಟೆಲ್ಲ ಸಲುಗೆಯ ಎದುರು ಒಂದು ಬಿಗಿಯಾದ ಗುರಿಯೂ ಇತ್ತು. ಪ್ರತಿ ವಿಭಾಗದ ಮಾರಾಟದಲ್ಲಿ ಕಾಲು ಭಾಗ ಹಿಂದಿನ ಐದು ವರ್ಷಗಳಲ್ಲಿ ಹುಟ್ಟಿದ ಸರಕಿನಿಂದಲೇ ಬರಬೇಕು. 1990ರ ದಶಕದಲ್ಲಿ ಇದನ್ನು ನಾಲ್ಕು ವರ್ಷ, ಶೇ 30 ಎಂದು ಇನ್ನಷ್ಟು ಬಿಗಿ ಮಾಡಿದರು. ಹಳೆಯ ಸರಕಿನ ಮೇಲೆ ಒರಗಿ ಕೂರಲು ಯಾವ ಮ್ಯಾನೇಜರಿಗೂ ಸಾಧ್ಯವಾಗದಂತೆ ಮಾಡಿದ ಏರ್ಪಾಡು ಇದು.

ಹಳದಿ ಚೀಟಿಯ ಕಥೆ ಎಲ್ಲರಿಗೂ ಗೊತ್ತು. 1968ರಲ್ಲಿ ಸ್ಪೆನ್ಸರ್ ಸಿಲ್ವರ್ ಗಟ್ಟಿ ಅಂಟು ಹುಡುಕಲು ಹೋಗಿ ಸುಲಭವಾಗಿ ಕಿತ್ತುಬರುವ ಅಂಟು ಪಡೆದದ್ದು, ಚರ್ಚಿನ ಹಾಡಿನ ಪುಸ್ತಕದಿಂದ ಗುರುತಿನ ಕಾಗದ ಬೀಳುತ್ತಿದ್ದ ಆರ್ಟ್ ಫ್ರೈಗೆ ಅದು ನೆನಪಾದದ್ದು. ಕಡಿಮೆ ಗೊತ್ತಿರುವುದು ಕಾರ್ಖಾನೆಯ ಭಾಗ. ಹಾಳೆಯ ಒಂದು ಅಂಚಿಗೆ ಮಾತ್ರ ಅಂಟು ಬಳಿದು, ಒಂದರ ಮೇಲೊಂದು ಪೇರಿಸಿ ಕಟ್ಟು ಮಾಡುವ ಯಂತ್ರ ಆಗ ಇರಲಿಲ್ಲ. ಫ್ರೈ ತಮ್ಮ ಮನೆಯ ನೆಲಮಾಳಿಗೆಯಲ್ಲೇ ಒಂದನ್ನು ಕಟ್ಟಿದರು; ಹೊರಗೆ ತರಲು ಗೋಡೆ ಒಡೆಯಬೇಕಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಅಮೆರಿಕದಾದ್ಯಂತ ಮಾರಾಟ ಶುರುವಾದದ್ದು 1980ರಲ್ಲಿ. ಅಂಟು ಸಿಕ್ಕ ದಿನದಿಂದ ಹನ್ನೆರಡು ವರ್ಷ. ಮೂರು ತಿಂಗಳಿಗೊಮ್ಮೆ ಲಾಭದ ಲೆಕ್ಕ ಒಪ್ಪಿಸಬೇಕಾದ ಕಂಪನಿಯೊಂದು ಹನ್ನೆರಡು ವರ್ಷ ಒಂದು ಅಂಟನ್ನು ಕಪಾಟಿನಲ್ಲಿ ಇಟ್ಟುಕೊಂಡು ಕಾಯುವುದು ಸಣ್ಣ ಮಾತಲ್ಲ.

ಇನ್ನು ಉತ್ಪಾದನೆಗೆ ಬರೋಣ. ಲೇಪನದ ಯಂತ್ರ ಬಹಳ ದುಬಾರಿ, ಅದನ್ನು ಊರೂರಿಗೆ ಹೂಡಲಾಗದು. ಹಾಗಾಗಿ ಕೆಲವೇ ದೊಡ್ಡ ಕಾರ್ಖಾನೆಗಳಲ್ಲಿ ಆಳೆತ್ತರದ ಜಂಬೋ ರೋಲುಗಳನ್ನು ತಯಾರಿಸಿ, ಕೊಳ್ಳುವವರಿರುವ ದೇಶಗಳಿಗೆ ಕಳಿಸಿ, ಅಲ್ಲಿನ ಚಿಕ್ಕ ಘಟಕಗಳಲ್ಲಿ ಸೀಳಿ, ಕತ್ತರಿಸಿ, ಡಬ್ಬಿಗೆ ತುಂಬುತ್ತಾರೆ. ಆ ದೇಶದ ಗಿರಾಕಿ ಕೇಳಿದ ಅಗಲ, ಉದ್ದ, ಆಕಾರ ಅಲ್ಲಿ ಸಿಗುತ್ತದೆ. ಭಾರತದಲ್ಲಿ ತ್ರೀಎಂ 1987ರಲ್ಲಿ ಬಿರ್ಲಾ ಸಮೂಹದ ಜೊತೆಗೂಡಿ ಬೆಂಗಳೂರಿನಲ್ಲಿ ನೆಲೆಯೂರಿತು. ಬಿರ್ಲಾ ತ್ರೀಎಂ ಈಗ ತ್ರೀಎಂ ಇಂಡಿಯಾ ಆಗಿದೆ. ಅದರ ಷೇರುಗಳಲ್ಲಿ ಶೇ 75 ಅಮೆರಿಕದ ಮಾತೃಸಂಸ್ಥೆಯ ಕೈಯಲ್ಲಿದೆ, ಉಳಿದದ್ದು ನಮ್ಮ ಷೇರುಪೇಟೆಯಲ್ಲಿ ವಹಿವಾಟಾಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಾರ್ಖಾನೆಯಿದೆ, ಪುಣೆ ಬಳಿಯ ರಂಜನಗಾಂವ್ ಮತ್ತು ಅಹಮದಾಬಾದಿನಲ್ಲೂ ಇವೆ. ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರವೂ ಇದೆ. ಇಂಥ ಅಂಗಸಂಸ್ಥೆ ಮಾತೃಸಂಸ್ಥೆಗೆ ತಂತ್ರಜ್ಞಾನದ ರಾಯಧನ ಕಟ್ಟುತ್ತದೆ, ಮಾರುವ ಸರಕಿನಲ್ಲಿ ಒಂದು ಪಾಲನ್ನು ಹೊರಗಿನಿಂದಲೇ ತರಿಸುತ್ತದೆ. ಸೀಳುವ ಘಟಕ ಬಂದರೆ ಉದ್ಯೋಗ ಬಂತು ನಿಜ, ಆದರೆ ಲೇಪನದ ವಿದ್ಯೆ ಬಂದಂತಾಗಲಿಲ್ಲ. ನಮ್ಮ ರಾಜ್ಯಕ್ಕೆ ಬಹುರಾಷ್ಟ್ರೀಯ ಕಂಪನಿಯೊಂದು ಬಂತು ಎಂದು ಹಿಗ್ಗುವಾಗ ಈ ಎರಡರಲ್ಲಿ ಯಾವುದು ಬಂತು ಎಂದು ಕೇಳುವ ರೂಢಿ ನಮಗಿರಬೇಕು. ಸಂಶೋಧನಾ ಕೇಂದ್ರಕ್ಕೆ ನಾನು ಹೆಚ್ಚು ಬೆಲೆ ಕೊಡುವುದು ಅದಕ್ಕೇ.

ಈ ಏರ್ಪಾಡಿಗೆ ಒಂದು ರೋಗವೂ ಉಂಟು. ಯಾವ ಕಾರ್ಖಾನೆಯಲ್ಲಿ ಯಾವ ಯಂತ್ರ ಬಿಡುವಾಗಿದೆಯೋ ಅಲ್ಲಿಗೆ ಕೆಲಸ ಕಳಿಸುತ್ತ ಹೋದರೆ ಸರಕು ಊರೂರು ಅಲೆಯುತ್ತದೆ. ಗೋಡೆಗೆ ಮೊಳೆ ಹೊಡೆಯದೆ ಅಂಟಿಸುವ ಕಮಾಂಡ್ ಕೊಕ್ಕೆಯ ಪಾಡು ಹಾಗಾಗಿತ್ತು. ಅದರ ಅಂಟು ಮಿಸೌರಿಯಲ್ಲಿ ತಯಾರು, ಇಂಡಿಯಾನಾದಲ್ಲಿ ಅದನ್ನು ಫೋಮಿಗೆ ಬಳಿಯುವುದು, ಮಿನ್ನೆಸೋಟದಲ್ಲಿ ಕತ್ತರಿಸುವುದು, ವಿಸ್ಕಾನ್ಸಿನ್‌ನಲ್ಲಿ ಪ್ಯಾಕಿಂಗ್. ಅಂಗೈಯಗಲದ ವಸ್ತು ಅಂಗಡಿ ಸೇರಲು ನೂರು ದಿನಕ್ಕೂ ಹೆಚ್ಚು ಬೇಕಾಗುತ್ತಿತ್ತು. ಸುಮಾರು 2010ರ ಬಳಿಕ ಇಂಥವನ್ನು ಒಂದೊಂದು ಕೇಂದ್ರ ಕಾರ್ಖಾನೆಗೆ ಒಟ್ಟುಗೂಡಿಸುವ ಕೆಲಸ ನಡೆಯಿತು. ಈ ಕೊಕ್ಕೆ ಮಿನ್ನೆಸೋಟದ ಹಚಿನ್‌ಸನ್‌ನಲ್ಲಿ ನೆಲೆ ನಿಂತಿತು.

ಮಾಸ್ಕಿನ ವಿಷಯದಲ್ಲಿ ಮಾತ್ರ ಕಂಪನಿ ಮುಂಚೆಯೇ ಎಚ್ಚೆತ್ತಿತ್ತು. 2003ರ ಸಾರ್ಸ್ ಕಾಯಿಲೆಯ ನಂತರ, ಮಾಮೂಲು ದಿನಗಳಲ್ಲಿ ಸುಮ್ಮನೆ ನಿಂತಿರುವ ಹೆಚ್ಚುವರಿ ಯಂತ್ರಗಳನ್ನು ಅದು ಉಳಿಸಿಕೊಂಡಿತು. ನಿಂತ ಯಂತ್ರ ದಂಡ ಎಂದು ಲೆಕ್ಕಿಗರು ಹೇಳುತ್ತಾರೆ. 2020ರಲ್ಲಿ ಆ ದಂಡವೇ ಕೈಹಿಡಿಯಿತು: ಕೆಲವೇ ವಾರಗಳಲ್ಲಿ ಉತ್ಪಾದನೆ ಇಮ್ಮಡಿಯಾಗಿ, ಆ ವರ್ಷ 200 ಕೋಟಿ ಮಾಸ್ಕ್ ಹೊರಬಂದವು. ಏಪ್ರಿಲ್‌ನಲ್ಲಿ ಅಧ್ಯಕ್ಷ ಟ್ರಂಪ್ ಯುದ್ಧಕಾಲದ ಉತ್ಪಾದನಾ ಕಾಯ್ದೆಯನ್ನು ಪ್ರಯೋಗಿಸಿ, ಅಮೆರಿಕದಲ್ಲಿ ತಯಾರಾದ ಮಾಸ್ಕುಗಳನ್ನು ಕೆನಡಾಕ್ಕೂ ಲ್ಯಾಟಿನ್ ಅಮೆರಿಕಕ್ಕೂ ಕಳಿಸಕೂಡದು ಎಂದರು. ಅಲ್ಲಿನ ಆಸ್ಪತ್ರೆಗಳಿಗೆ ತಾವೇ ಮುಖ್ಯ ಪೂರೈಕೆದಾರರು, ನಿಲ್ಲಿಸಿದರೆ ಮನುಷ್ಯತ್ವಕ್ಕೆ ಹೊಂದದು, ಬೇರೆ ದೇಶಗಳೂ ತಿರುಗಿ ತಡೆಹಾಕಿದರೆ ಅಮೆರಿಕಕ್ಕೇ ಸಿಗುವ ಮಾಸ್ಕ್ ಕಡಿಮೆಯಾದೀತು ಎಂದು ಕಂಪನಿ ಬಹಿರಂಗವಾಗಿಯೇ ಹೇಳಿತು. ಕೊನೆಗೆ ತನ್ನ ಹೊರದೇಶದ, ಮುಖ್ಯವಾಗಿ ಚೀನಾದ, ಕಾರ್ಖಾನೆಗಳಿಂದ ಮೂರು ತಿಂಗಳಲ್ಲಿ 16.65 ಕೋಟಿ ಮಾಸ್ಕ್ ತರಿಸಿಕೊಡುವುದು, ನೆರೆ ದೇಶಗಳಿಗೆ ಕಳಿಸುವುದನ್ನೂ ಮುಂದುವರಿಸುವುದು ಎಂದು ರಾಜಿಯಾಯಿತು. ಹಲವು ದೇಶಗಳಲ್ಲಿ ಕಾರ್ಖಾನೆ ಇಟ್ಟವರು ಹಲವು ಸರ್ಕಾರಗಳಿಗೆ ಒಟ್ಟಿಗೆ ಉತ್ತರ ಹೇಳಬೇಕು.

ಬಿಗಿ ಮತ್ತು ಸಲುಗೆಯ ನಡುವಿನ ಹದ ಒಮ್ಮೆ ತಪ್ಪಿದ್ದೂ ಇದೆ. 2001ರಲ್ಲಿ ಜನರಲ್ ಎಲೆಕ್ಟ್ರಿಕ್‌ನಿಂದ ಬಂದ ಜೇಮ್ಸ್ ಮೆಕ್ನರ್ನಿ, ಕಂಪನಿಯ ಇತಿಹಾಸದಲ್ಲಿ ಹೊರಗಿನಿಂದ ಬಂದ ಮೊದಲ ಮುಖ್ಯಸ್ಥರು. ಬಂದವರೇ 8,000 ಮಂದಿಯನ್ನು ಕೆಲಸದಿಂದ ತೆಗೆದರು. ತಪ್ಪುಗಳನ್ನು ಅಳೆದು ಇಳಿಸುವ ಸಿಕ್ಸ್ ಸಿಗ್ಮಾ ಪದ್ಧತಿಯನ್ನು ಕಾರ್ಖಾನೆಗಷ್ಟೇ ಅಲ್ಲ, ಪ್ರಯೋಗಾಲಯಕ್ಕೂ ತಂದರು. ಕಾರ್ಯಾಚರಣೆಯ ಲಾಭದ ಪ್ರಮಾಣ 2001ರಲ್ಲಿ ಶೇ 17 ಇದ್ದದ್ದು 2005ಕ್ಕೆ ಶೇ 23 ಆಯಿತು. ಅದೇ ಹೊತ್ತಿಗೆ ಹೊಸ ಸರಕುಗಳ ಪಾಲು ಕುಗ್ಗಿತು. ಯಾವಾಗ ಏನು ಸಿಗುತ್ತದೆ ಎಂದು ಮೊದಲೇ ಫಾರಂ ತುಂಬಿ ಕೊಡಬೇಕಾದ ಕಡೆ ಸಿಲ್ವರ್ ಅಂಥವರ ಅಂಟಿಗೆ ಉಳಿಗಾಲವಿರಲಿಲ್ಲ. ಆಮೇಲೆ ಬಂದ ಜಾರ್ಜ್ ಬಕ್ಲಿ ಪ್ರಯೋಗಾಲಯದ ಮೇಲಿನ ಹಿಡಿತವನ್ನು ಸಡಿಲಿಸಿದರು. ಕಾರ್ಖಾನೆಗೆ ಒಪ್ಪುವ ಶಿಸ್ತು ಪ್ರಯೋಗಾಲಯಕ್ಕೆ ಒಪ್ಪುವುದಿಲ್ಲ; ಎರಡೂ ಒಂದೇ ಕಾಂಪೌಂಡಿನೊಳಗೆ ಇರಬೇಕಾದ ಕಂಪನಿಯನ್ನು ನಡೆಸುವ ಕಷ್ಟ ಅಲ್ಲೇ ಇರುವುದು.

ಈಗ ಮೊದಲು ಹೇಳಿದ ಕಂಟಕಕ್ಕೆ ಬರುತ್ತೇನೆ. ಮನೆಯ ಎಲ್ಲ ಪಾತ್ರೆಗೂ ಒಂದೇ ಹೆಪ್ಪು ಹಾಕುವವರ ಮನೆಯಲ್ಲಿ ಹೆಪ್ಪು ಚೆನ್ನಾಗಿರುವವರೆಗೆ ಎಲ್ಲ ಮೊಸರೂ ಚೆನ್ನ. ಹೆಪ್ಪು ಕೆಟ್ಟ ದಿನ ಒಂದು ಪಾತ್ರೆಯೂ ಉಳಿಯುವುದಿಲ್ಲ. ತ್ರೀಎಂನ ಐವತ್ತು ಕಸುಬುಗಳಲ್ಲಿ ಫ್ಲೋರಿನ್ ರಸಾಯನವೂ ಒಂದಾಗಿತ್ತು. ಪೆನ್ಸಿಲ್ವೇನಿಯಾದ ಜೋಸೆಫ್ ಸೈಮನ್ಸ್ ಎಂಬ ರಸಾಯನ ವಿಜ್ಞಾನಿಯಿಂದ 1940ರ ದಶಕದಲ್ಲಿ ಇದರ ಹಕ್ಕು ಕೊಂಡರು. ಇಂಗಾಲಕ್ಕೆ ಫ್ಲೋರಿನ್ ಬೆಸೆದರೆ ಹುಟ್ಟುವ ವಸ್ತುವಿಗೆ ನೀರೂ ಅಂಟದು, ಎಣ್ಣೆಯೂ ಅಂಟದು, ಬೆಂಕಿಗೂ ಅಷ್ಟು ಸುಲಭಕ್ಕೆ ಜಗ್ಗದು. 1953ರಲ್ಲಿ ಪ್ಯಾಟ್ಸಿ ಶರ್ಮನ್ ಅವರ ಪ್ರಯೋಗಾಲಯದಲ್ಲಿ ಇಂಥದೊಂದು ದ್ರವ ಸಹಾಯಕಿಯ ಕ್ಯಾನ್ವಾಸ್ ಶೂ ಮೇಲೆ ಚೆಲ್ಲಿತು. ಆ ಜಾಗ ಮಾತ್ರ ಕೊಳೆಯಾಗಲಿಲ್ಲ. ಸೋಫಾ, ಕಾರ್ಪೆಟ್‌ಗಳಿಗೆ ಕಲೆ ಹಿಡಿಯದಂತೆ ಸಿಂಪಡಿಸುವ ಸ್ಕಾಚ್‌ಗಾರ್ಡ್ ಹಾಗೆ ಬಂತು. ಕಂಪನಿಯ ರೂಢಿಯಂತೆ ಈ ಕಸುಬೂ ಎಲ್ಲ ಕೋಣೆಗೂ ದಾಟಿತು: ಆಹಾರ ಕಟ್ಟುವ ಕಾಗದ, ವಿಮಾನದ ಬೆಂಕಿ ನಂದಿಸುವ ನೊರೆ, ಚಿಪ್ ಕಾರ್ಖಾನೆಗಳನ್ನು ತಂಪಿಡುವ ದ್ರವ. ಡ್ಯುಪಾಂಟ್ ಕಂಪನಿ ಟೆಫ್ಲಾನ್ ತಯಾರಿಗೆ ಬೇಕಾದ ಪಿಎಫ್‌ಒಎ ಎಂಬ ರಾಸಾಯನಿಕವನ್ನು 1951ರಿಂದ ಕೊಳ್ಳುತ್ತಿದ್ದುದೂ ಇವರಿಂದಲೇ.

ಪಿಫಾಸ್ ಎಂದು ಕರೆಯುವ ಈ ಇಡೀ ಬಳಗಕ್ಕೆ ಮಣ್ಣಿನಲ್ಲಿ, ನೀರಿನಲ್ಲಿ, ಮೈಯಲ್ಲಿ ಸವೆತವಿಲ್ಲ. ಅದರ ಗುಣವೇ ಅದರ ದೋಷ. ಸಂಬಂಧವೇ ಇಲ್ಲದ ಜನರ ರಕ್ತದಲ್ಲಿ ಫ್ಲೋರಿನ್ ಸಂಯುಕ್ತ ಕಂಡುಬಂದಿದೆ ಎಂದು ಹೊರಗಿನ ವಿಜ್ಞಾನಿಗಳು 1975ರಲ್ಲೇ ಕಂಪನಿಯನ್ನು ವಿಚಾರಿಸಿದ್ದರು. ಅಮೆರಿಕದ ಪರಿಸರ ಸಂಸ್ಥೆಗೆ ಕಂಪನಿ ರಕ್ತದ ವಿಷಯ ತಿಳಿಸಿದ್ದು 1998ರಲ್ಲಿ. 2000ದ ಮೇ ತಿಂಗಳಲ್ಲಿ ಈ ಬಳಗದ ಎರಡು ಮುಖ್ಯ ರಾಸಾಯನಿಕಗಳ ತಯಾರಿಕೆಯಿಂದ ಹಿಂದೆ ಸರಿಯುವುದಾಗಿ ಘೋಷಿಸಿತು. ಅವುಗಳ ಬದಲಿಗೆ ಅದೇ ಬಳಗದ ಕಿರಿಯ ಸರಪಳಿಯವನ್ನು ಬಳಸತೊಡಗಿತು. 1975ಕ್ಕೂ 1998ಕ್ಕೂ ನಡುವಿನ ಆ ಇಪ್ಪತ್ತಮೂರು ವರ್ಷಗಳಿಗೆ ನನ್ನ ಬಳಿ ಯಾವ ಸಮಾಧಾನವೂ ಇಲ್ಲ. ಆಲಿವ್ ಎಣ್ಣೆಯ ಒಂದು ಹನಿ ತೇಲಿದ್ದಕ್ಕೆ ಪ್ರಯೋಗಾಲಯ ಕಟ್ಟಿದ ಕಂಪನಿ ಇದು. ಒಳಬರುವುದನ್ನು ಪರೀಕ್ಷಿಸಲು ಕಲಿತವರು, ಹೊರಹೋಗುವುದು ಯಾರ ಬಾವಿ ಸೇರುತ್ತದೆ ಎಂದು ಅದೇ ಕಟ್ಟುನಿಟ್ಟಿನಲ್ಲಿ ಕೇಳಿಕೊಳ್ಳಲಿಲ್ಲ.

ಲೆಕ್ಕ ತೀರಿಸಬೇಕಾದ ಸರದಿ ಬಂತು. 2018ರಲ್ಲಿ ತವರು ರಾಜ್ಯ ಮಿನ್ನೆಸೋಟಕ್ಕೆ 85 ಕೋಟಿ ಡಾಲರ್. 2022ರಲ್ಲಿ ಬೆಲ್ಜಿಯಂನ ಜ್ವೈನ್‌ಡ್ರೆಕ್ಟ್ ಕಾರ್ಖಾನೆಯ ಸುತ್ತಲಿನ ಮಾಲಿನ್ಯಕ್ಕೆ ಫ್ಲೆಮಿಶ್ ಸರ್ಕಾರದೊಂದಿಗೆ 57.1 ಕೋಟಿ ಯೂರೋ. 2023ರಲ್ಲಿ ಅಮೆರಿಕದ ಸಾರ್ವಜನಿಕ ಕುಡಿಯುವ ನೀರಿನ ಸಂಸ್ಥೆಗಳಿಗೆ ಕನಿಷ್ಠ 1,030 ಕೋಟಿ ಡಾಲರ್, 1,250 ಕೋಟಿಯವರೆಗೂ ಏರಬಹುದಾದ ರಾಜಿ. ಇದು ತಪ್ಪೊಪ್ಪಿಗೆಯಲ್ಲ ಎಂದೇ ಕಂಪನಿ ಹೇಳಿದೆ. 2022ರ ಡಿಸೆಂಬರಿನಲ್ಲಿ ಇಡೀ ಪಿಫಾಸ್ ತಯಾರಿಕೆಯನ್ನು 2025ರ ಕೊನೆಯೊಳಗೆ ನಿಲ್ಲಿಸುವುದಾಗಿ ಸಾರಿದಾಗ, ಆ ವ್ಯಾಪಾರದ ವಾರ್ಷಿಕ ಮಾರಾಟ ಸುಮಾರು 130 ಕೋಟಿ ಡಾಲರ್ ಎಂದು ಅದೇ ತಿಳಿಸಿತ್ತು. ಮಾರಾಟ 130 ಕೋಟಿ, ಒಂದೇ ರಾಜಿಯ ಹೊರೆ 1,030 ಕೋಟಿ. ಹಲವು ಉದ್ಯಮಗಳಲ್ಲಿ ಹಣ ಹಂಚಿದರೆ ಅಪಾಯವೂ ಹಂಚಿಹೋಗುತ್ತದೆ ಎಂಬ ಪಾಠವನ್ನು ಹೂಡಿಕೆದಾರರಿಗೆ ಹೇಳಿಕೊಡುತ್ತಾರೆ. ಕಸುಬು ಒಂದೇ ಆದಲ್ಲಿ ಆ ಪಾಠ ನಿಲ್ಲುವುದಿಲ್ಲ. ಸೋಫಾ ಕೊಂಡವರು, ಬೆಂಕಿ ಆರಿಸುವವರು, ಚಿಪ್ ಮಾಡುವವರು ಬೇರೆ ಬೇರೆ ಪೇಟೆಯ ಗಿರಾಕಿಗಳು. ಅವರೆಲ್ಲರ ಕೊಳೆನೀರು ಸೇರಿದ ನದಿ ಮಾತ್ರ ಒಂದೇ ಜಾತಿಯ ಅಣುವನ್ನು ಹೊತ್ತಿತ್ತು.

ಇದರ ಜೊತೆಗೆ ಕೊಂಡು ತಂದ ತಾಪತ್ರಯವೊಂದು ಸೇರಿತು. 2008ರಲ್ಲಿ ಏರೋ ಎಂಬ ಕಂಪನಿಯನ್ನು 120 ಕೋಟಿ ಡಾಲರ್ ಕೊಟ್ಟು ಖರೀದಿಸಿದಾಗ ಅದರ ಸೈನಿಕರ ಇಯರ್‌ಪ್ಲಗ್ ವ್ಯಾಪಾರವೂ ಬಂತು. ಅವು ಕಿವಿ ಕಾಯಲಿಲ್ಲ ಎಂದು ಎರಡೂವರೆ ಲಕ್ಷಕ್ಕೂ ಹೆಚ್ಚು ಸೈನಿಕರು, ಮಾಜಿ ಸೈನಿಕರು ದಾವೆ ಹೂಡಿದರು. ಏರೋವನ್ನು ದಿವಾಳಿ ನ್ಯಾಯಾಲಯಕ್ಕೆ ಒಪ್ಪಿಸಿ ಹೊರೆ ಇಳಿಸಿಕೊಳ್ಳುವ ಯತ್ನವನ್ನು ನ್ಯಾಯಾಧೀಶರು 2023ರಲ್ಲಿ ತಳ್ಳಿಹಾಕಿದರು. ಅದೇ ವರ್ಷ 600 ಕೋಟಿ ಡಾಲರಿಗೆ ರಾಜಿಯಾಯಿತು. ಅಲ್ಲೂ ಹೊಣೆ ಒಪ್ಪಿಕೊಂಡಿಲ್ಲ.

2024ರ ಏಪ್ರಿಲ್ 1ರಂದು ವೈದ್ಯಕೀಯ ವಿಭಾಗವನ್ನು ಸಾಲ್ವೆಂಟಮ್ ಎಂಬ ಪ್ರತ್ಯೇಕ ಕಂಪನಿಯಾಗಿ ಬಿಟ್ಟುಕೊಟ್ಟರು. ಗಾಯಕ್ಕೆ ಹಚ್ಚುವ ಟೇಪು, ಹಲ್ಲಿಗೆ ತುಂಬುವ ಸಿಮೆಂಟು, ಸ್ಟೆತಸ್ಕೋಪು ಎಲ್ಲ ಆ ಪಾಲಿಗೆ ಹೋದವು. ಆರು ದಶಕಗಳಿಗೂ ಹೆಚ್ಚು ಕಾಲ ವರ್ಷವರ್ಷವೂ ಏರುತ್ತ ಬಂದ ಲಾಭಾಂಶ ಆ ವರ್ಷ ಇಳಿಯಿತು. ಉಳಿದ ಕಂಪನಿಯ ಆ ವರ್ಷದ ಮಾರಾಟ ಸುಮಾರು 2,460 ಕೋಟಿ ಡಾಲರ್. ಮನೆ ಪಾಲಾದಾಗ ಹೊಲ ಹಂಚುವುದು ಸುಲಭ, ಬಾವಿ ಹಂಚುವುದು ಕಷ್ಟ. ಗಾಯದ ಟೇಪಿನ ಅಂಟು ಮಾಸ್ಕಿಂಗ್ ಟೇಪಿನ ಅಂಟಿನ ಒಡಹುಟ್ಟು. ಒಬ್ಬರ ಪ್ರಯೋಗಾಲಯದಲ್ಲಿ ಹುಟ್ಟಿದ್ದನ್ನು ಇನ್ನೊಬ್ಬರು ಇನ್ನು ಮುಂದೆ ಒಪ್ಪಂದಕ್ಕೆ ಸಹಿ ಹಾಕಿಯೇ ಪಡೆಯಬೇಕು. ಷೇರುಪೇಟೆಗೆ ಈ ವಿಭಜನೆ ಹಿಡಿಸಿರಬಹುದು. ನನಗೆ ಅದು ನಷ್ಟವಾಗಿಯೇ ಕಾಣುತ್ತದೆ.

ಈಗಿನ ಮುಖ್ಯಸ್ಥ ವಿಲಿಯಂ ಬ್ರೌನ್, ಮೂರು ವರ್ಷಗಳಲ್ಲಿ ಸಾವಿರ ಹೊಸ ಸರಕು ತರುವ ಗುರಿ ಇಟ್ಟಿದ್ದಾರೆ. ಪಿಫಾಸ್ ತಯಾರಿಕೆ ಬಿಟ್ಟರೂ, ಬೇರೆಯವರಿಂದ ಕೊಳ್ಳುವ ಬ್ಯಾಟರಿ, ಸರ್ಕ್ಯೂಟ್ ಬೋರ್ಡ್, ಸೀಲುಗಳಲ್ಲಿ ಆ ಬಳಗ ಇನ್ನೂ ಅಡಗಿದೆ. ಅದನ್ನು ಕಂಪನಿಯೇ ಒಪ್ಪುತ್ತದೆ. ಕೇಂದ್ರ ಕಚೇರಿಯಿಂದ ಹೆಚ್ಚು ದೂರವಿಲ್ಲದ ಕಾಟೇಜ್ ಗ್ರೋವ್, ಓಕ್‌ಡೇಲ್, ವುಡ್‌ಬರಿ, ಲೇಕ್ ಎಲ್ಮೊ ಊರುಗಳು ರಾಜಿಯ ಹಣದಲ್ಲಿ ಬಾವಿನೀರನ್ನು ಇದ್ದಿಲಿನಿಂದ ಸೋಸುವ ಘಟಕಗಳನ್ನು ಕಟ್ಟಿಕೊಳ್ಳುತ್ತಿವೆ. ಆ ಇದ್ದಿಲು ತುಂಬಿದಂತೆಲ್ಲ ಬದಲಿಸುತ್ತಲೇ ಇರಬೇಕು. ನೀರಿನ ಸಂಸ್ಥೆಗಳಿಗೆ ಕೊಡಬೇಕಾದ ಕಂತು 2036ರವರೆಗೆ ಇದೆ. ಅಲ್ಲಿಯವರೆಗೂ ಕಂಪನಿಯ ಪ್ರತಿ ವರ್ಷದ ಲೆಕ್ಕದಲ್ಲಿ ಹೊಸ ಸರಕುಗಳ ಸಾಲಿನ ಜೊತೆಗೆ ಈ ಸಾಲನ್ನೂ ಓದಬೇಕು.